ಆಟ ಮತ್ತು ಪಾಠ: ಕಾಲೇಜಿನ ಹೊಸ್ತಿಲಲ್ಲಿ ಕ್ರೀಡಾವಿದ್ಯಾರ್ಥಿ

ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರಲಾರನೆಂಬುದು ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಎಚ್ಚರಿಕೆಯ ಮಾತು. ಆಟದಲ್ಲಿ ಆಸಕ್ತಿ ತಳೆದ ವಿದ್ಯಾರ್ಥಿಯ ವಿಷಯದಲ್ಲಿ ಈ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಪ್ರೌಢಶಾಲೆಯಲ್ಲಿರುವಾಗ ಮಗನು ಪಂದ್ಯಗಳಲ್ಲಿ ಬಹುಮಾನ ಗೆದ್ದು ತಂದರೆ ಹಿಗ್ಗುವ ತಂದೆತಾಯಿಗಳೇ, ಅವನು ಪದವಿಪೂರ್ವ ತರಗತಿಗೆ ಸೇರಿದೊಡನೆ ಬ್ಯಾಟು ಚೆಂಡುಗಳನ್ನು ಅಟ್ಟದ ಮೇಲೆ ಇರಿಸಿಬಿಡುತ್ತಾರೆ. ಅವರ ಭಯ ನಿರಾಧಾರವಾದುದಲ್ಲ. ಸಾಮಾನ್ಯ ಸಂಸಾರದಲ್ಲಿ ಹುಟ್ಟಿದ ಹುಡುಗನಿಗೆ ವಿದ್ಯೆಯೇ ಆಸ್ತಿ. ಎರಡು ವರ್ಷಗಳ ಪದವಿಪೂರ್ವ ವ್ಯಾಸಂಗದಲ್ಲಿ ಕಳೆದುಕೊಂಡ ಅಂಕಗಳನ್ನು ಮರಳಿ ಪಡೆಯುವುದು ಕಷ್ಟ. ಆದರೆ ಹದಿನಾರರಿಂದ ಇಪ್ಪತ್ತೆರಡರವರೆಗಿನ ವಯಸ್ಸೇ ಶರೀರವು ಬಲಿತು ಆಟವು ಹದಕ್ಕೆ ಬರುವ ಕಾಲವೂ ಹೌದು. ಆಗ ಬಿಟ್ಟ ಅಭ್ಯಾಸವನ್ನು ಮೂವತ್ತರಲ್ಲಿ ಹಿಡಿಯುವಂತಿಲ್ಲ. ಹೀಗೆ ಎರಡೂ ಬೆಳೆಗಳಿಗೆ ಮಳೆ ಬೀಳುವುದು ಒಂದೇ ಸಮಯದಲ್ಲಿ ಎಂಬುದರಿಂದಲೇ ಈ ಸಮಸ್ಯೆ ಹುಟ್ಟಿದೆ.

ತುಮಕೂರಿನ ಸದಾಶಿವನಗರದಂತಹ ಬಡಾವಣೆಯಲ್ಲಿ ವಾಸಿಸುವ ಒಬ್ಬ ವಿದ್ಯಾರ್ಥಿಯನ್ನು ಭಾವಿಸಿಕೊಳ್ಳಬಹುದು. ಅವನು ಬೆಳಗಿನ ಜಾವ ಮೈದಾನಕ್ಕೆ ಹೋಗಬೇಕು, ಒಂಬತ್ತು ಗಂಟೆಯ ಹೊತ್ತಿಗೆ ಕಾಲೇಜಿನಲ್ಲಿರಬೇಕು, ಸಂಜೆ ಮತ್ತೆ ಅಭ್ಯಾಸ ಮಾಡಬೇಕು, ರಾತ್ರಿ ಓದಬೇಕು. ಹೆಚ್ಚಿನ ತರಬೇತಿಗೆಂದು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವುದಾದರೆ ರೈಲಿನಲ್ಲಿಯೇ ದಿನದ ಮೂರು ನಾಲ್ಕು ಗಂಟೆ ಕಳೆದುಹೋಗುತ್ತದೆ. ಇಂತಹವನು ಕಾಲೇಜು ತಂಡದಲ್ಲಿ ಆಡುತ್ತ ಪದವಿಯನ್ನೂ ಪಡೆಯುವುದು ಹೇಗೆ? ಈ ಪ್ರಶ್ನೆಯನ್ನು ಬೇರೆ ನಾಡುಗಳು ಹೇಗೆ ಎದುರಿಸಿವೆ, ಕನ್ನಡನಾಡಿನ ಆಟಗಾರರು ಹೇಗೆ ಎದುರಿಸಿದರು ಎಂಬುದನ್ನು ಪರಿಶೀಲಿಸುವುದು ಪ್ರಯೋಜನಕರ.

ಬೇಸ್‌ಬಾಲ್ ಆಟದ ನಿದರ್ಶನ

ಕ್ರೀಡೆಯನ್ನೂ ಕಾಲೇಜನ್ನೂ ಅತ್ಯಂತ ನಿಕಟವಾಗಿ ಬೆಸೆದಿರುವ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ಜನಪ್ರಿಯ ಕ್ರೀಡೆಗಳಲ್ಲಿ ಬೇಸ್‌ಬಾಲ್ ಒಂದು. ಕ್ರಿಕೆಟ್ಟಿನಂತೆ ಇದೂ ದಾಂಡು ಚೆಂಡುಗಳ ಆಟ. ತಂಡಕ್ಕೆ ಒಂಬತ್ತು ಮಂದಿ. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ನೆಲೆಗಳಿದ್ದು, ಒಂದರಿಂದ ಮತ್ತೊಂದಕ್ಕೆ 90 ಅಡಿ ಅಂತರವಿರುತ್ತದೆ. ಚೆಂಡೆಸೆಯುವವನು 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾನೆ. ಚೆಂಡು ನೆಲಕ್ಕೆ ಪುಟಿಯದೆ ಗಾಳಿಯಲ್ಲಿಯೇ ದಾಂಡಿಗನ ಬಳಿಗೆ ಬರುತ್ತದೆ. ಭಾರತದಲ್ಲಿಯೂ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಗಳ ಪಟ್ಟಿಯಲ್ಲಿ ಈ ಆಟಕ್ಕೆ ಸ್ಥಾನವಿದೆ.

ಅಮೆರಿಕದ ಪ್ರೌಢಶಾಲೆಯಲ್ಲಿ ಚೆನ್ನಾಗಿ ಆಡುವ ಹುಡುಗನ ಮುಂದೆ ಹದಿನೆಂಟನೆಯ ವಯಸ್ಸಿಗೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ವೃತ್ತಿಪರ ತಂಡವು ಆರಿಸಿಕೊಂಡರೆ ಹಣ ಪಡೆದು ಆಟಕ್ಕೆ ಸೇರಿಬಿಡಬಹುದು. ಇಲ್ಲವಾದರೆ ಕಾಲೇಜಿಗೆ ಹೋಗಿ ಅಲ್ಲಿನ ತಂಡದಲ್ಲಿ ಆಡಬಹುದು. ನಾಲ್ಕು ವರ್ಷಗಳ ಕಾಲೇಜನ್ನು ಆರಿಸಿಕೊಂಡವನನ್ನು, ಮೂರನೆಯ ವರ್ಷ ಮುಗಿಯುವವರೆಗೆ ಅಥವಾ ಇಪ್ಪತ್ತೊಂದು ವರ್ಷ ತುಂಬುವವರೆಗೆ ವೃತ್ತಿಪರ ತಂಡಗಳು ಆರಿಸಿಕೊಳ್ಳುವಂತಿಲ್ಲ. ಈ ನಿಯಮದ ಫಲವಾಗಿ ವಿದ್ಯಾರ್ಥಿಗೆ ಪದವಿಯ ಮುಕ್ಕಾಲು ಭಾಗವನ್ನು ಮುಗಿಸುವಷ್ಟು ನಿರಾತಂಕವಾದ ಅವಧಿ ದೊರೆಯುತ್ತದೆ.

ಕಾಲೇಜು ತಂಡಕ್ಕೆ ಸೇರುವುದಕ್ಕೂ ಬರಿಯ ತೋಳ್ಬಲ ಸಾಲದು. ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾಸಂಸ್ಥೆಯ ಮೊದಲ ವಿಭಾಗದಲ್ಲಿ ಆಡಬಯಸುವವನು ಪ್ರೌಢಶಾಲೆಯಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಮೊದಲಾದ ಮೂಲ ವಿಷಯಗಳಲ್ಲಿ 16 ಪಾಠಕ್ರಮಗಳನ್ನು ಮುಗಿಸಿ, 4ರ ಮಾನದಲ್ಲಿ ಕನಿಷ್ಠ 2.3 ಸರಾಸರಿಯನ್ನು ಗಳಿಸಿರಬೇಕು. ಸೇರಿದ ಮೇಲೆ ಪಂದ್ಯಗಳ ಋತುವಿನಲ್ಲಿ ತರಬೇತಿ ಮತ್ತು ಆಟಗಳಿಗೆ ವಾರಕ್ಕೆ 20 ಗಂಟೆಗಳಿಗಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳಬಾರದು, ವಾರಕ್ಕೊಂದು ದಿನ ಬಿಡುವು ಕೊಡಬೇಕು ಎಂಬ ಕಟ್ಟಳೆಯಿದೆ. ಇಷ್ಟಿದ್ದರೂ ಕಷ್ಟ ತಪ್ಪಿದ್ದಲ್ಲ. ಫೆಬ್ರವರಿಯಲ್ಲಿ ಮೊದಲಾಗುವ ಋತುವಿನಲ್ಲಿ ಒಂದು ತಂಡ 56 ಪಂದ್ಯಗಳವರೆಗೆ ಆಡಬಹುದು. ಊರೂರು ಸುತ್ತುವ ಬಸ್ಸಿನಲ್ಲಿ ಕುಳಿತು ಪಾಠ ಓದುವುದು ಅಲ್ಲಿನ ಆಟಗಾರನಿಗೂ ಅನಿವಾರ್ಯ.

ಅಮೆರಿಕದಲ್ಲಿ ಆಡುವವರೆಲ್ಲರಿಗೂ ಓದು ಉಚಿತವೆಂಬ ಭಾವನೆಯೊಂದು ನಮ್ಮಲ್ಲಿದೆ. ಬೇಸ್‌ಬಾಲಿನ ಮಟ್ಟಿಗೆ ಇದು ನಿಜವಲ್ಲ. 2025ರಲ್ಲಿ ನಿಯಮಗಳು ಬದಲಾಗುವವರೆಗೆ ಮೊದಲ ವಿಭಾಗದ ಒಂದು ತಂಡಕ್ಕೆ 11.7 ಪೂರ್ಣ ವಿದ್ಯಾರ್ಥಿವೇತನಗಳಷ್ಟು ಹಣವನ್ನು ಮಾತ್ರ ಕೊಡಬಹುದಾಗಿತ್ತು. ಅದನ್ನು ಅನೇಕ ಆಟಗಾರರಿಗೆ ಹಂಚುತ್ತಿದ್ದರು. ಆದಕಾರಣ ಬಹುಮಂದಿಗೆ ಶುಲ್ಕದ ಒಂದು ಅಂಶ ಮಾತ್ರ ದೊರೆಯುತ್ತಿತ್ತು. ಉಳಿದುದನ್ನು ಮನೆಯವರು ಭರಿಸಬೇಕಾಗಿತ್ತು, ಅಥವಾ ಒಳ್ಳೆಯ ಅಂಕಗಳಿಂದ ದೊರೆಯುವ ಬೇರೆ ವೇತನದಿಂದ ತುಂಬಿಕೊಳ್ಳಬೇಕಾಗಿತ್ತು. ಚೆನ್ನಾಗಿ ಓದಿದ ಆಟಗಾರನಿಗೆ ಕಾಲೇಜು ಸುಲಭವಾಗಿಯೂ ಅಗ್ಗವಾಗಿಯೂ ಒದಗಿತೆಂಬುದು ಇದರಿಂದ ತಿಳಿಯತಕ್ಕ ಅಂಶ.

ಕನ್ನಡನಾಡಿನ ಮೂವರು

ಭಾರತದಲ್ಲಿ ಇಂತಹ ಸಿದ್ಧ ಏರ್ಪಾಡು ಇರಲಿಲ್ಲ. ಆದರೂ ವಿಶ್ವವಿದ್ಯಾಲಯಗಳ ಕ್ರಿಕೆಟ್ಟಿಗೆ ಹಿರಿದಾದ ಪರಂಪರೆಯಿದೆ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್ಟಿನ ರೋಹಿಂಟನ್ ಬಾರಿಯಾ ಪಾರಿತೋಷಕದ ಪಂದ್ಯಗಳು 1935ರಲ್ಲಿ ಪ್ರಾರಂಭವಾದವು. ಕಾಲೇಜು ತಂಡದಿಂದ ವಿಶ್ವವಿದ್ಯಾಲಯ ತಂಡಕ್ಕೆ, ಅಲ್ಲಿಂದ ರಾಜ್ಯದ ತಂಡಕ್ಕೆ ಏರುವುದು ಒಂದು ಕಾಲದಲ್ಲಿ ಸಾಮಾನ್ಯವಾದ ಮೆಟ್ಟಿಲಾಗಿತ್ತು. ಎಂಜಿನಿಯರಿಂಗಿನಂತಹ ಕಠಿಣ ವ್ಯಾಸಂಗದೊಡನೆ ಈ ಮೆಟ್ಟಿಲುಗಳನ್ನು ಏರಿದ ಮೂವರು ಬೌಲರುಗಳು ಕರ್ನಾಟಕದಲ್ಲಿದ್ದಾರೆ.

ಮೊದಲನೆಯವರು ಎರಪಳ್ಳಿ ಪ್ರಸನ್ನ. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಆಫ್ ಸ್ಪಿನ್ ಬೌಲರು. 1962ರ ಜನವರಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮದರಾಸಿನಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯವಾಡಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ಆ ಪ್ರವಾಸ ಸುಗಮವಾಗಲಿಲ್ಲ. ಹಿಂದಿರುಗಿದ ಬಳಿಕ ಅವರು ಆಟವನ್ನು ಕೆಲಕಾಲ ಬದಿಗಿರಿಸಿ ಎಂಜಿನಿಯರಿಂಗ್ ಪದವಿಯನ್ನು ಪೂರ್ಣಗೊಳಿಸಿದರು. ಅವರು ಮೈಸೂರಿನ ರಾಷ್ಟ್ರೀಯ ಎಂಜಿನಿಯರಿಂಗ್ ಸಂಸ್ಥೆಯ, ಅಂದರೆ ಜನರು ಎನ್.ಐ.ಇ. ಎಂದು ಕರೆಯುವ ಕಾಲೇಜಿನ ವಿದ್ಯಾರ್ಥಿ. ಮುಂದಿನ ಟೆಸ್ಟ್ ಪಂದ್ಯ ಅವರಿಗೆ ದೊರೆತದ್ದು 1967ರ ಜನವರಿಯಲ್ಲಿ. ಐದು ವರ್ಷಗಳು ಕಳೆದಿದ್ದವು. ಯೌವನದ ಐದು ವರ್ಷಗಳೆಂದರೆ ಆಟಗಾರನಿಗೆ ಅಲ್ಪವಾದ ನಷ್ಟವಲ್ಲ. ಆ ಅವಧಿಯಲ್ಲಿ ಅವರಿಗೆ ಮತ್ತೆ ಕರೆ ಬರುವುದೆಂಬ ಭರವಸೆಯನ್ನು ಯಾರೂ ಕೊಡುವಂತಿರಲಿಲ್ಲ.

ಆದರೆ ಮರಳಿ ಬಂದ ಪ್ರಸನ್ನ ಪಕ್ವವಾದ ಬೌಲರಾಗಿದ್ದರು. 1967-68ರ ಪ್ರವಾಸದಲ್ಲಿ ಆಸ್ಟ್ರೇಲಿಯದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್ಟುಗಳನ್ನು ಪಡೆದರು. ಭಾರತವು ವಿದೇಶದ ನೆಲದಲ್ಲಿ ಮೊಟ್ಟಮೊದಲ ಟೆಸ್ಟ್ ಸರಣಿಯನ್ನು ಗೆದ್ದುದು ಆ ನ್ಯೂಜಿಲೆಂಡ್ ಪ್ರವಾಸದಲ್ಲಿಯೇ. 20 ಟೆಸ್ಟ್ ಪಂದ್ಯಗಳಲ್ಲಿ ನೂರು ವಿಕೆಟ್ ಗಳಿಸಿದ ಅವರ ವೇಗವನ್ನು ಮತ್ತೊಬ್ಬ ಭಾರತೀಯ ಬೌಲರು ಮೀರಿದ್ದು 2013ರಲ್ಲಿ, ಆ ಆರ್. ಅಶ್ವಿನ್ ಅವರೂ ಎಂಜಿನಿಯರಿಂಗ್ ಪದವೀಧರರೇ. ಪ್ರಸನ್ನ ಅವರ ನಾಯಕತ್ವದಲ್ಲಿಯೇ ಕರ್ನಾಟಕವು 1973-74ರಲ್ಲಿ ಮುಂಬಯಿಯ ಹದಿನೈದು ವರ್ಷಗಳ ಏಕಾಧಿಪತ್ಯವನ್ನು ಮುರಿದು ರಣಜಿ ಪಾರಿತೋಷಕವನ್ನು ಮೊದಲ ಬಾರಿಗೆ ಗೆದ್ದಿತು. ಒಟ್ಟು 49 ಟೆಸ್ಟ್ ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟುಗಳು 189.

ಎರಡನೆಯವರು ಅನಿಲ್ ಕುಂಬ್ಳೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಹೆಸರನ್ನು ಹೊತ್ತ ಕುಟುಂಬದ ಅವರು 1970ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಮತ್ತು ನ್ಯಾಷನಲ್ ಕಾಲೇಜುಗಳಲ್ಲಿ ಓದಿ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದರು. 1989ರ ನವೆಂಬರಿನಲ್ಲಿ ಹೈದರಾಬಾದಿನ ವಿರುದ್ಧ ರಾಜ್ಯದ ಪರವಾಗಿ ಮೊದಲ ಪಂದ್ಯವಾಡಿದಾಗಲೂ, 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗಲೂ ಅವರು ವಿದ್ಯಾರ್ಥಿ. ಆಮೇಲೆ ಎರಡು ವರ್ಷಗಳಿಗೂ ಮಿಕ್ಕಿ ಅವರಿಗೆ ಟೆಸ್ಟ್ ತಂಡದಲ್ಲಿ ಸ್ಥಾನ ದೊರೆಯಲಿಲ್ಲ. ಆ ಅಂತರದಲ್ಲಿ ಅವರು ಪದವಿಯನ್ನು ಮುಗಿಸಿಕೊಂಡರು. 1992ರ ಇರಾನಿ ಪಾರಿತೋಷಕದ ಪಂದ್ಯದಲ್ಲಿ 13 ವಿಕೆಟ್ ಪಡೆದು ಮತ್ತೆ ಆಯ್ಕೆಗಾರರ ಗಮನಕ್ಕೆ ಬಂದರು. ಅಲ್ಲಿಂದ 2008ರಲ್ಲಿ ನಿವೃತ್ತರಾಗುವವರೆಗೆ 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ಟುಗಳು, 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಕೆಡವಿದ ಸಾಧನೆ ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ತಂಡದಿಂದ ಹೊರಗುಳಿದ ಎರಡು ವರ್ಷಗಳನ್ನು ಅವರು ಬಳಸಿಕೊಂಡ ರೀತಿ ವಿದ್ಯಾರ್ಥಿಗಳಿಗೆ ಆ ಹತ್ತು ವಿಕೆಟ್ಟುಗಳಷ್ಟೇ ಮುಖ್ಯ.

ಮೂರನೆಯವರು ಜಾವಗಲ್ ಶ್ರೀನಾಥ್. 1969ರಲ್ಲಿ ಜನಿಸಿದ ಈ ವೇಗದ ಬೌಲರು ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಷನ್ ವಿಷಯದಲ್ಲಿ ವ್ಯಾಸಂಗ ಮಾಡಿದರು. ಈ ಕಾಲೇಜು ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ 1963ರಲ್ಲಿ ಸ್ಥಾಪಿತವಾದುದು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ಬೆಂಗಳೂರಿನ ಆರ್.ವಿ. ಕಾಲೇಜೂ ಅದೇ ವರ್ಷ ಪ್ರಾರಂಭವಾದವೆಂಬುದನ್ನು ಇಲ್ಲಿ ನೆನೆಯಬಹುದು. ಶ್ರೀನಾಥ್ 1989-90ರ ಋತುವಿನಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಹೈದರಾಬಾದಿನ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. 1991ರಲ್ಲಿ ಆಸ್ಟ್ರೇಲಿಯದಲ್ಲಿ ಟೆಸ್ಟ್ ಜೀವನವನ್ನು ಆರಂಭಿಸಿ, 67 ಪಂದ್ಯಗಳಲ್ಲಿ 236 ವಿಕೆಟ್ ಪಡೆದರು. ಆಟದಿಂದ ನಿವೃತ್ತರಾದ ಮೇಲೆ 2006ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ನೇಮಕಗೊಂಡರು. ನಿಯಮಗಳನ್ನು ಅರಿತು, ಎರಡೂ ಪಕ್ಷಗಳ ಮಾತನ್ನು ಆಲಿಸಿ, ಬರಹದಲ್ಲಿ ತೀರ್ಮಾನ ಕೊಡುವ ಈ ಕೆಲಸಕ್ಕೆ ತೋಳಿನ ವೇಗ ಬೇಕಾಗಿಲ್ಲ. ಶಿಕ್ಷಿತವಾದ ಬುದ್ಧಿ ಬೇಕು. 2010ರಲ್ಲಿ ಕುಂಬ್ಳೆಯವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿಯೂ ಶ್ರೀನಾಥರು ಕಾರ್ಯದರ್ಶಿಯಾಗಿಯೂ ಚುನಾಯಿತರಾದರು.

ಒಂದೇ ಹೊಲ, ಎರಡು ಬೆಳೆ

ಈ ಮೂವರ ಜೀವನದಿಂದ ತಿಳಿಯುವ ತತ್ತ್ವವನ್ನು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ರೈತನು ಎಂದಿನಿಂದಲೂ ಬಲ್ಲ. ಅವನು ರಾಗಿಯ ಹೊಲದಲ್ಲಿ ನಡುನಡುವೆ ಅವರೆಯನ್ನೋ ತೊಗರಿಯನ್ನೋ ಅಕ್ಕಡಿ ಸಾಲಾಗಿ ಬಿತ್ತುತ್ತಾನೆ. ಎರಡಕ್ಕೂ ನೆಲ ಒಂದೇ, ಮಳೆ ಒಂದೇ. ಆದರೆ ಕೊಯ್ಲಿನ ಕಾಲ ಬೇರೆ. ರಾಗಿ ಕಟಾವಾದ ಮೇಲೆ ಅಕ್ಕಡಿಯ ಬೆಳೆ ತನ್ನ ಪಾಡಿಗೆ ನಿಂತು ಫಲಕ್ಕೆ ಬರುತ್ತದೆ. ಒಂದು ವೇಳೆ ಮಳೆ ಕೈಕೊಟ್ಟು ರಾಗಿ ಒಣಗಿದರೂ ಸಂಸಾರ ಪೂರ್ತಿ ಬರಿಗೈಯಾಗುವುದಿಲ್ಲ.

ಆಟವು ಬೇಗ ಕೊಯ್ಲಿಗೆ ಬರುವ ಬೆಳೆ. ಬಹುಪಾಲು ಆಟಗಾರರ ಕಾಲ ಮೂವತ್ತೈದರೊಳಗೆ ಮುಗಿಯುತ್ತದೆ. ವಿದ್ಯೆಯು ಅದರ ಬಳಿಕವೂ ನಿಂತು ಫಲ ಕೊಡುವ ಬೆಳೆ. ಇನ್ನೊಂದು ಕಠಿಣವಾದ ಸತ್ಯವನ್ನೂ ವಿದ್ಯಾರ್ಥಿಯಿಂದ ಮುಚ್ಚಿಡಬಾರದು. ರಾಜ್ಯಕ್ಕೆ ಕಾಲೇಜು ತಂಡಗಳು ನೂರಾರು. ರಣಜಿ ಪಂದ್ಯದ ದಿನ ಮೈದಾನಕ್ಕೆ ಇಳಿಯುವವರು ಹನ್ನೊಂದು ಮಂದಿ. ಪ್ರಸನ್ನ, ಕುಂಬ್ಳೆ, ಶ್ರೀನಾಥರ ಹೆಸರು ಉಳಿಯಿತು. ಅವರೊಡನೆ ಕಾಲೇಜು ತಂಡದಲ್ಲಿ ಆಡಿದ ಬಹುಮಂದಿಯ ಹೆಸರು ದಾಖಲೆಯ ಪುಸ್ತಕಗಳಲ್ಲಿಲ್ಲ. ಭುಜದ ಒಂದು ನೋವು, ಆಯ್ಕೆಯ ದಿನದ ಒಂದು ಜ್ವರ, ಅದೇ ಸ್ಥಾನದಲ್ಲಿ ಆಡುವ ಇನ್ನೊಬ್ಬ ಪ್ರತಿಭಾವಂತ, ಇಷ್ಟೇ ಸಾಕು ದಾರಿ ಮುಚ್ಚಿಹೋಗಲು. ಅಂಥವರ ಪಾಲಿಗೆ ಪದವಿಯೇ ಬದುಕನ್ನು ಕಾಯಿತು. ಆದುದರಿಂದ ಗೆಲ್ಲುವವನಿಗಿಂತಲೂ ಆಯ್ಕೆಯಾಗದೆ ಉಳಿಯಬಹುದಾದವನಿಗೆ ಓದು ಹೆಚ್ಚು ಅವಶ್ಯ; ತಾನು ಈ ಇಬ್ಬರಲ್ಲಿ ಯಾರೆಂಬುದು ಹದಿನೇಳನೆಯ ವಯಸ್ಸಿನಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ಎರಡನ್ನೂ ಪ್ರತಿದಿನವೂ ಸಮಭಾಗವಾಗಿ ತೂಗಬೇಕೆಂದು ಇದರ ಅರ್ಥವಲ್ಲ. ಪಂದ್ಯಗಳ ತಿಂಗಳಲ್ಲಿ ಆಟ ಮುಂದಾಗಬಹುದು, ಪರೀಕ್ಷೆಯ ತಿಂಗಳಲ್ಲಿ ಓದು ಮುಂದಾಗಬೇಕು. ಯಾವ ಕಾಲದಲ್ಲಿ ಯಾವುದಕ್ಕೆ ನೀರು ಹಾಯಿಸಬೇಕೆಂಬ ವಿವೇಕವೇ ಮುಖ್ಯ. ಹಿಂದೆ ಸರಿದ ಬೆಳೆ ಆ ಅವಧಿಯಲ್ಲಿ ಪೂರ್ತಿ ಒಣಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ದಿನಚರಿಯಲ್ಲಿ ಪಾಲಿಸತಕ್ಕ ಅಂಶಗಳು

ಮೊದಲನೆಯದು ನಿದ್ರೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ರಾತ್ರಿ ಹನ್ನೆರಡರವರೆಗೆ ಓದಿ ಬೆಳಗಿನ ಐದಕ್ಕೆ ಮೈದಾನಕ್ಕೆ ಹೋಗುವುದು ಸಾಹಸದಂತೆ ಕಂಡರೂ ಅದರಿಂದ ಓದೂ ಕೆಡುತ್ತದೆ, ಆಟವೂ ಕೆಡುತ್ತದೆ. ಒಂಬತ್ತೂವರೆಗೆ ದೀಪ ಆರಿಸುವವನೇ ಜಾಣ.

ಎರಡನೆಯದು ಶರೀರಕ್ಕೆ ವಿಶ್ರಾಂತಿ. ಬೇಸ್‌ಬಾಲಿನಲ್ಲಿ ಎಳೆಯ ಆಟಗಾರರ ಮೊಣಕೈ ಹಾಳಾಗುವುದನ್ನು ಕಂಡು ಅಮೆರಿಕದ ಕ್ರೀಡಾಸಂಸ್ಥೆಗಳು 2014ರಲ್ಲಿ ಮಿತಿಗಳನ್ನು ಸೂಚಿಸಿದವು. 15-16 ವರ್ಷದವನು ಒಂದು ದಿನಕ್ಕೆ 95 ಎಸೆತಗಳನ್ನು ಮೀರಬಾರದು. 76ಕ್ಕಿಂತ ಕಡಿಮೆಯಿಲ್ಲದಷ್ಟು ಎಸೆದರೆ ನಾಲ್ಕು ದಿನ ಎಸೆಯದೆ ಇರಬೇಕು. ನಮ್ಮ ಎಳೆಯ ಬೌಲರುಗಳಿಗೂ ಇಂತಹ ಸಂಯಮ ಹಿತಕರ. ಹೀಗೆ ಬಿಡುವಾಗುವ ಸಂಜೆಗಳು ಓದಿನ ಪಾಲಿಗೆ ದೊರೆತ ಲಾಭ.

ಮೂರನೆಯದು ಪಾಠಗಳನ್ನು ಹಿಂದೆ ಉಳಿಸದಿರುವುದು. ಪಂದ್ಯಕ್ಕೆಂದು ನಾಲ್ಕು ದಿನ ತಪ್ಪಿದ ಪಾಠಗಳ ಟಿಪ್ಪಣಿಯನ್ನು ಐದನೆಯ ದಿನವೇ ಸಹಪಾಠಿಯಿಂದ ಪಡೆದು ಬರೆದುಕೊಳ್ಳಬೇಕು. ಮುಂದಿನ ವಾರಕ್ಕೆ ಬಿಟ್ಟರೆ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಕೊಂಡಿ ತಪ್ಪುತ್ತದೆ. ರೈಲು ಬಸ್ಸುಗಳ ಪ್ರಯಾಣದಲ್ಲಿ ಸೂತ್ರಗಳು, ವ್ಯಾಖ್ಯೆಗಳು ಮೊದಲಾದ ಬಾಯಿಪಾಠದ ವಿಷಯಗಳನ್ನೂ, ಮನೆಯ ಶಾಂತ ವೇಳೆಯಲ್ಲಿ ಲೆಕ್ಕಗಳನ್ನೂ ಇರಿಸಿಕೊಳ್ಳುವುದು ಮೇಲು.

ನಾಲ್ಕನೆಯದು ದಾಖಲೆಗಳು. ಹಾಜರಾತಿ ಶೇಕಡ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೇ ತೊಡಕು ಬರುತ್ತದೆ. ಪಂದ್ಯಕ್ಕೆ ಹೋಗುವ ಮುನ್ನ ಪ್ರಾಂಶುಪಾಲರಿಗೆ ಮನವಿ ಸಲ್ಲಿಸುವುದು, ಬಂದ ಮೇಲೆ ಪ್ರಮಾಣಪತ್ರದ ಪ್ರತಿ ಕೊಡುವುದು ವಿದ್ಯಾರ್ಥಿಯ ಕರ್ತವ್ಯ. ರಾಜ್ಯದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಕ್ರೀಡಾಪಟುಗಳಿಗೆ ಕೆಲವು ಸ್ಥಾನಗಳಿವೆ. ಅವುಗಳಿಗೆ ಅರ್ಜಿ ಹಾಕುವಾಗ ಈ ಪ್ರಮಾಣಪತ್ರಗಳೇ ಆಧಾರ. ಕಳೆದುಹೋದ ಒಂದು ಕಾಗದದಿಂದ ಕಾಲೇಜಿನ ಸ್ಥಾನವೇ ತಪ್ಪಿಹೋಗಬಹುದು.

ವಿದ್ಯಾರ್ಥಿನಿಯರ ವಿಷಯ

ಹೆಣ್ಣುಮಕ್ಕಳ ಪಾಲಿಗೆ ಈ ದಾರಿ ಇನ್ನೂ ಕಡಿದು. ಕತ್ತಲಾಗುವ ಮುನ್ನ ಮನೆ ಸೇರಬೇಕು, ಪರಸ್ಥಳದ ಪಂದ್ಯಕ್ಕೆ ಅನುಮತಿ ದೊರೆಯಬೇಕು, ಮನೆಗೆಲಸಕ್ಕೂ ಕೈಗೂಡಿಸಬೇಕು. ಆದರೂ ಬೆಂಗಳೂರಿನಲ್ಲಿ ನೆಲೆಸಿದ ಶಾಂತಾ ರಂಗಸ್ವಾಮಿಯವರು 1976ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ತಂಡಕ್ಕೆ ಅದರ ಮೊದಲ ಟೆಸ್ಟ್ ಸರಣಿಯಲ್ಲಿ ನಾಯಕಿಯಾಗಿದ್ದರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿ ಅವರು. ಆ ಕಾಲದಲ್ಲಿ ಮಹಿಳೆಯರ ಕ್ರಿಕೆಟ್ಟಿನಿಂದ ಜೀವನ ಸಾಗಿಸುವಂತಿರಲಿಲ್ಲ. ಕೆನರಾ ಬ್ಯಾಂಕಿನ ಉದ್ಯೋಗದಲ್ಲಿ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಮಗಳ ಆಟವನ್ನು ನಿಲ್ಲಿಸಬೇಕೆಂದು ಯೋಚಿಸುವ ತಂದೆತಾಯಿಗಳು ಈ ನಿದರ್ಶನವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮನೆ ಮತ್ತು ಸಂಸ್ಥೆಗಳ ಹೊಣೆ

ಇಷ್ಟೆಲ್ಲವನ್ನೂ ಹದಿನೇಳು ವರ್ಷದವನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಅಮೆರಿಕದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯ ಮಿತಿಯನ್ನು ವಿಧಿಸಿದ್ದು ಸಂಸ್ಥೆ, ವಿದ್ಯಾರ್ಥಿಯಲ್ಲ. ನಮ್ಮಲ್ಲಿಯೂ ದಕ್ಷಿಣ ಕನ್ನಡದ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಶಿಕ್ಷಣ, ಊಟ, ವಸತಿಗಳನ್ನು ಉಚಿತವಾಗಿ ಒದಗಿಸುತ್ತ ಬಂದಿದೆ. ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿನಿಲಯಗಳನ್ನು ನಡೆಸುತ್ತದೆ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಪ್ರಾರಂಭವಾಗಿ, ಅದರ ಎರಡನೆಯ ಕೂಟ 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ತುಮಕೂರಿಗೆ 2004ರಿಂದ ತನ್ನದೇ ವಿಶ್ವವಿದ್ಯಾಲಯವಿದೆ; ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳಲ್ಲಿ ತುಮಕೂರು ವಲಯವೂ ಒಂದು. ಪ್ರಸನ್ನ ಅವರ ಕಾಲದಲ್ಲಿ ಇಲ್ಲದ ಅನುಕೂಲಗಳು ಈಗ ಊರಿನ ಬಾಗಿಲಿಗೇ ಬಂದಿವೆ.

ಆದರೂ ನಿಯಮಗಳಿಗಿಂತ ಹೆಚ್ಚಾಗಿ ಕೆಲಸ ಮಾಡುವುದು ಒಬ್ಬ ಅಧ್ಯಾಪಕರ ಮನಸ್ಸು. ಪಂದ್ಯದಿಂದ ಬಂದವನನ್ನು ಕರೆದು ತಪ್ಪಿದ ಪಾಠವನ್ನು ಅರ್ಧ ಗಂಟೆ ಹೇಳಿಕೊಡುವ ಗುರು, ಪರೀಕ್ಷೆಯ ವಾರದಲ್ಲಿ ಅಭ್ಯಾಸಕ್ಕೆ ಬರಬೇಡವೆಂದು ತಾವಾಗಿಯೇ ಹೇಳುವ ತರಬೇತುದಾರ, ಅಂಕ ಕಡಿಮೆಯಾದಾಗ ಬೈಯುವ ಮುನ್ನ ಕಾರಣ ಕೇಳುವ ತಂದೆತಾಯಿ, ಇವರಿದ್ದರೆ ವಿದ್ಯಾರ್ಥಿಯ ಅರ್ಧ ಭಾರ ಇಳಿಯುತ್ತದೆ. ಶಾಲೆಯ ವರ್ಷಾರಂಭದಲ್ಲಿಯೇ ಈ ಮೂವರೂ ಒಮ್ಮೆ ಒಟ್ಟಿಗೆ ಕುಳಿತು, ಪಂದ್ಯಗಳ ಪಟ್ಟಿಯನ್ನೂ ಪರೀಕ್ಷೆಗಳ ಪಟ್ಟಿಯನ್ನೂ ಮುಂದಿರಿಸಿಕೊಂಡು, ಯಾವ ತಿಂಗಳು ಯಾವುದಕ್ಕೆಂದು ಹುಡುಗನೊಡನೆ ನಿಶ್ಚಯಿಸುವುದು ಉಚಿತ. ಒಂದು ಗಂಟೆಯ ಈ ಮಾತುಕತೆ ಅನೇಕ ಮನೆಗಳಲ್ಲಿ ಮುಂದೆ ನಡೆಯಬಹುದಾದ ಕಲಹವನ್ನೂ ಕಣ್ಣೀರನ್ನೂ ತಪ್ಪಿಸುತ್ತದೆ.

ವಿದ್ಯಾರ್ಥಿಯ ಕೆಲಸ ಅಲ್ಲಿಂದ ಮುಂದಿನದು. ಹಿರಿಯರು ಆಡಲು ಅವಕಾಶ ಕೊಟ್ಟರೆ ಓದನ್ನು ಬಿಡದೆ ಅದನ್ನು ಉಳಿಸಿಕೊಳ್ಳಬೇಕು. ತಂಡದಲ್ಲಿ ಸ್ಥಾನ ದೊರೆಯದ ವರ್ಷ ಬಂದರೆ ಎದೆಗುಂದದೆ, ಕುಂಬ್ಳೆಯವರಂತೆ ಆ ವರ್ಷವನ್ನು ಪುಸ್ತಕಕ್ಕೆ ಮೀಸಲಿರಿಸಿ, ಬೆಳಗಿನ ಅಭ್ಯಾಸವನ್ನು ಮಾತ್ರ ಬಿಡದೆ ಸಾಗಿಸಬೇಕು. ಮುಂದಿನ ಕರೆ ಮೈದಾನದಿಂದ ಬಂದರೂ ಸರಿ, ಉದ್ಯೋಗದಿಂದ ಬಂದರೂ ಸರಿ, ಅವನು ಸಿದ್ಧನಾಗಿರುತ್ತಾನೆ.